ನನ್ನ ಅಂಗುಳ ಹೊಲಿಸಿಕೊಂಡ ವರ್ಷ

ಹುಟ್ಟುವಾಗಲೇ ನನ್ನ ಅಂಗುಳದ ಹಿಂಭಾಗ, ಆ ಮೆತ್ತನೆಯ ಭಾಗ, ಸೀಳಿತ್ತು. ತುಟಿ ನೆಟ್ಟಗಿದ್ದುದರಿಂದ ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಮಾತಾಡಿದರೆ ಉಸಿರೆಲ್ಲ ಮೂಗಿಗೆ ನುಗ್ಗಿ ಪ, ಬ ಎರಡೂ ಮ ಆಗಿಬಿಡುತ್ತಿದ್ದವು. ಅಪ್ಪನನ್ನು ಕೂಗಿದರೆ ಅಡುಗೆಮನೆಯಿಂದ ಅಮ್ಮ "ಏನೇ?" ಎನ್ನುತ್ತಿದ್ದಳು.

ರಾಜಾಜಿನಗರದ ನಮ್ಮ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಸಾಲಾಗಿ ಪಾಠ ಓದಿಸುವಾಗ ನನ್ನನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದರು. "ನೀನು ಕೂತ್ಕೊಳಮ್ಮ, ಪಾಪ." ಆ 'ಪಾಪ' ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಎಪ್ಪತ್ತರ ದಶಕದ ನಡುವೆ, ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಅಪ್ಪನ ಕಾರ್ಖಾನೆಯ ಡಾಕ್ಟರು ಆಪರೇಷನ್ ಮಾಡಿಸಬಹುದೆಂದರು. ಸೋದರತ್ತೆ ಒಪ್ಪಲಿಲ್ಲ. "ಇಷ್ಟು ದೊಡ್ಡೋಳಾದ್ಮೇಲೆ ಯಾಕೆ ಕೊಯ್ಸೋದು? ಹೆಣ್ಮಗು, ಮಾತು ಕಮ್ಮಿಯಾದ್ರೆ ನಷ್ಟ ಏನು?"

"ನಂಗೆ ಮಾಡ್ಸಿ," ಎಂದೆ. ಅತ್ತೆ ಅರ್ಥವಾಗದವರಂತೆ ನನ್ನನ್ನು ನೋಡಿದರು. ಇನ್ನೂ ಜೋರಾಗಿ ಹೇಳಿದೆ.

ಆಪರೇಷನ್ ಆಯಿತು. ಗಂಟಲು ಕೆಂಡದಂತೆ ಸುಡುತ್ತಿತ್ತು. ತಣ್ಣಗೆ ಮಾಡಿದ ಗಂಜಿ, ರಾಗಿ ಅಂಬಲಿ ಬಿಟ್ಟರೆ ಬೇರೇನೂ ಇಲ್ಲ. ಊತ ಇಳಿದು ಗಾಯ ಕೂಡಿಕೊಂಡ ಮೇಲೆ ಹೊಸ ದನಿ ಬರುತ್ತದೆಂದು ಕಾದಿದ್ದೆ. ಬಾಯಿ ತೆರೆದರೆ ಅದೇ ಹಳೆಯ ಮೂಗಿನ ದನಿ. ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ.

ಆಪರೇಷನ್ ಮಾಡಿದ ಡಾಕ್ಟರು ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ ಹೇಳಿದರು: "ಹೊಲಿಗೆ ಚೆನ್ನಾಗಿ ಕೂಡಿದೆ. ಆದ್ರೆ ಒಳಗಿನ ಸ್ನಾಯುಗಳು ಹುಟ್ಟಿದಾಗಿಂದ ಒಂದಕ್ಕೊಂದು ಸೇರದೆ ಮೂಳೆಗೆ ಅಂಟಿಕೊಂಡಿದ್ವು. ಬಿಡಿಸಿ ಮಧ್ಯಕ್ಕೆ ಜೋಡ್ಸಿದೀನಿ. ಗಾಯದ ಕಲೆ ಈಗ ಬಿಗಿಯಾಗಿದೆ, ತಿಂಗಳುಗಟ್ಟಲೆ ಆದ್ಮೇಲೆ ಮೆತ್ತಗಾಗುತ್ತೆ. ಮೇಲಕ್ಕೆದ್ದು ಮೂಗಿನ ದಾರಿ ಮುಚ್ಚೋದನ್ನ ಆ ಸ್ನಾಯುಗಳು ಈಗ ಕಲೀಬೇಕು. ನಿನ್ನ ನಾಲಗೆಗೂ ಹಳೇ ಅಭ್ಯಾಸ ಬಿಡಿಸ್ಬೇಕು."

"ಪೂರ್ತಿ ಸರಿಹೋಗುತ್ತಾ?" ಅಮ್ಮ ಕೇಳಿದಳು.

"ಹೇಳಕ್ಕಾಗಲ್ಲ. ಸಣ್ಣೋಳಿದ್ದಾಗ್ಲೇ ಮಾಡಿದ್ರೆ ಸುಲಭ ಇತ್ತು."

ಆ ಉತ್ತರ ನನ್ನನ್ನು ಕೆರಳಿಸಿತು. ಸ್ಕೂಲಿಂದ ಬಂದವಳೇ ಅಮ್ಮನೆದುರು ಕೂರುತ್ತಿದ್ದೆ. ಡಾಕ್ಟರು ಹೇಳಿಕೊಟ್ಟಂತೆ ಅವಳು ನನ್ನ ಮೂಗಿನ ಕೆಳಗೆ ಕನ್ನಡಿ ಹಿಡಿಯುವಳು. ನಾನು 'ಪಾ, ಪಾ, ಬಾ, ಬಾ' ಎನ್ನಬೇಕು. ಕನ್ನಡಿ ಮಂಜಾದರೆ ಗಾಳಿ ಮೂಗಿಗೆ ಸೋರಿತೆಂದು ಅರ್ಥ. ಮಂಜಾಗುತ್ತಲೇ ಇತ್ತು. "ಸಾಕು ಬಿಡೇ, ಸುಸ್ತಾಗಿದೀಯ," ಎಂದು ಅಮ್ಮ ಅಂದರೆ "ಇನ್ನೊಂದ್ಸಲ" ಎಂದು ಹಟ ಹಿಡಿಯುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ 'ಪಾ' ಎಂದಾಗ ಕನ್ನಡಿ ತಿಳಿಯಾಗಿಯೇ ಉಳಿಯಿತು. ಅಮ್ಮ ಅದನ್ನು ಸೆರಗಿನಿಂದ ಒರೆಸಿ, ನಂಬದೆ ಮತ್ತೆ ಹಿಡಿದಳು. ಆಗಲೂ ತಿಳಿಯೇ.

ಮರುದಿನ ತರಗತಿಯಲ್ಲಿ ಮೇಷ್ಟ್ರು ಎಂದಿನಂತೆ ನನ್ನ ಪಕ್ಕದವಳ ಹೆಸರು ಕೂಗಿದರು. ಎದ್ದು ನಿಂತವಳು ನಾನು. ಓದತೊಡಗಿದೆ. ಸಣ್ಣ ಪದಗಳು ಗಟ್ಟಿಯಾಗಿ ಬಂದವು. ಉದ್ದದ ವಾಕ್ಯಗಳಲ್ಲಿ ಉಸಿರು ಮೂಗಿಗೆ ಜಾರಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಸಾಕಮ್ಮ, ಕೂತ್ಕೋ."

"ಇನ್ನೂ ಮುಗ್ದಿಲ್ಲ, ಸಾರ್."

ಪುಟ ಮುಗಿಸಿಯೇ ಕುಳಿತೆ. ಅಂದಿನಿಂದ ನನ್ನ ಸರದಿ ಯಾರೂ ದಾಟಿಸಲಿಲ್ಲ. ಇವತ್ತಿಗೂ ದಣಿದಾಗ ನನ್ನ ಮಾತು ಮೂಗಿನಲ್ಲಿ ಬರುತ್ತದೆ. ಕೇಳುವವರು ಕೇಳಿಸಿಕೊಳ್ಳಲಿ, ನಾನಂತೂ ದನಿ ತಗ್ಗಿಸುವುದಿಲ್ಲ.