ಪುಟ್ಟಗೌರಮ್ಮ ಮಸಿ ಹಿಡಿದದ್ದು

ಶಾಗ್ಯದಿಂದ ಹನೂರಿಗೆ ಬರುವ ದಾರಿಯಲ್ಲಿ ಎಡಕ್ಕೆ ಹೊರಳಿ ಒಂದೂವರೆ ಮೈಲಿ ಹೋದರೆ ಕಲ್ಲುದೊಡ್ಡಿ. ತೊಂಬತ್ತರ ಮೇಲೆ ಒಂದೆರಡು ಮನೆಗಳಿರುವ ಊರು. ಅಷ್ಟೂ ಮನೆಯ ಬಟ್ಟೆಯ ಗುರುತು ಬಲ್ಲವಳು ಪುಟ್ಟಗೌರಮ್ಮ ಒಬ್ಬಳೇ. ಈಗ ಏಳೆಂಟು ಮನೆಗೆ ವಾಷಿಂಗ್ ಮೆಷಿನ್ ಬಂದಿದೆ. ಆದರೂ ಬಿಳಿ ಪಂಚೆ, ಜಮಖಾನ, ಬಾಣಂತಿ ಮನೆಯ ಬಟ್ಟೆ ಅವಳ ಗಂಟಿಗೇ ಬರುತ್ತವೆ. ಗಂಡ ಹನೂರಿನ ಬಸ್ ನಿಲ್ದಾಣದ ಹತ್ತಿರ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡಿದ್ದಾನೆ. ಊರಿನ ಕೆರೆ ದಂಡೆಯಲ್ಲಿ ಒಗೆಯುವ ಕಲ್ಲು ಇವಳದು.

ಪುಟ್ಟಗೌರಮ್ಮನಿಗೆ ಓದಲು ಬರುವುದಿಲ್ಲ. ಯಾವ ಬಟ್ಟೆ ಯಾರ ಮನೆಯದು ಎಂದು ತಿಳಿಯುವುದು ಅಂಚಿನಲ್ಲಿ ಕೇರುಬೀಜದ ರಸದಿಂದ ಹಾಕಿದ ಗುರುತಿನಿಂದ. ಒಂದು ಮನೆಗೆ ಎರಡು ಚುಕ್ಕಿ, ಇನ್ನೊಂದಕ್ಕೆ ಅಡ್ಡಗೆರೆ, ಮತ್ತೊಂದಕ್ಕೆ ಕೊಕ್ಕೆ. ಬಟ್ಟೆ ಹರಿದು ಚಿಂದಿಯಾದರೂ ಆ ಗುರುತು ಹೋಗುವುದಿಲ್ಲ. ಅತ್ತೆ ಕಲಿಸಿಕೊಟ್ಟ ವಿದ್ಯೆ ಇದು. ಅತ್ತೆ ಮಾತ್ರ ಕೆಳಗಿನ ಕಾಲೋನಿಗೆ ಎಂದೂ ಕಾಲಿಟ್ಟವಳಲ್ಲ. ಅತ್ತೆ ತೀರಿಕೊಂಡ ಮೇಲೆ ಪುಟ್ಟಗೌರಮ್ಮ ಕಾಲೋನಿಯ ಬಟ್ಟೆಯನ್ನೂ ಒಗೆಯತೊಡಗಿದಳು. ಮೇಲಿನ ಬೀದಿಯಲ್ಲಿ ಕೆಲವರು ಮುಖ ಸಿಂಡರಿಸಿದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಕಲ್ಲುದೊಡ್ಡಿಯಲ್ಲಿ ಎಲ್ಲ ಮನೆಯ ಬಾಗಿಲಿಗೂ ಹೋಗಿ ಬರುವ ಮನುಷ್ಯ ಯಾರಾದರೂ ಇದ್ದರೆ ಅದು ಅವಳೇ.

ಎರಡು ವರ್ಷದ ಹಿಂದೆ ಊರಿನ ಪಶ್ಚಿಮಕ್ಕೆ, ದೊಡ್ಡಮಾದಪ್ಪನ ನಾಲ್ಕು ಎಕರೆ ಬೀಳು ಜಮೀನಿನಲ್ಲಿ ಇದ್ದಿಲು ಫ್ಯಾಕ್ಟ್ರಿ ಬಂತು. ದೊಡ್ಡಮಾದಪ್ಪ ಊರಿನ ದೊಡ್ಡ ಕುಳ. ಜಮೀನನ್ನು ಹೊರಗಿನವನೊಬ್ಬನಿಗೆ ಭೋಗ್ಯಕ್ಕೆ ಕೊಟ್ಟಿದ್ದ. ಲಾರಿಗಟ್ಟಲೆ ತೆಂಗಿನ ಕರಟ ತಂದು, ನೆಲದಲ್ಲಿ ತೋಡಿದ ಗುಂಡಿಗಳಲ್ಲಿ ಸುಟ್ಟು, ನೀರು ಸುರಿದು ಆರಿಸಿ, ಮೂಟೆ ಕಟ್ಟಿ ಕಳಿಸುವುದು ಅಲ್ಲಿನ ಕೆಲಸ. ಹೊಗೆಗೆ ಚಿಮಣಿ ಇರಲಿಲ್ಲ. ಆರಿಸಿದ ಕರಿ ನೀರು ಹೊರಗೆ ಹಳ್ಳ ತೋಡಿಕೊಂಡು ಕಾಲೋನಿಯ ಬಾವಿಯ ಕಡೆಗೆ ಹರಿಯುತ್ತಿತ್ತು. ಕಾಲೋನಿಯ ಹದಿನೈದು ಹೆಂಗಸರಿಗೆ ಅಲ್ಲಿ ಕೂಲಿ ಸಿಕ್ಕಿತ್ತು.

ಪುಟ್ಟಗೌರಮ್ಮನಿಗೆ ಮೊದಲು ಬಂದದ್ದು ಬೈಗುಳ. ಒಗೆದು ಕೊಟ್ಟ ಪಂಚೆಯಲ್ಲಿ ಕರಿ ಚುಕ್ಕೆ ಇದೆ ಎಂದು ಒಬ್ಬರು ಹಿಂದಕ್ಕೆ ಕಳಿಸಿದರು. ವಯಸ್ಸಾಗಿ ಕಣ್ಣು ಮಂಜಾಗಿದೆಯೇನೋ ಎಂದು ಇನ್ನೊಬ್ಬರು ಅಂದರು. ಮೂವತ್ತೈದು ವರ್ಷ ಒಗೆದ ಕೈಗೆ ಆ ಮಾತು ತಡೆದುಕೊಳ್ಳಲಾಗಲಿಲ್ಲ. ಪಂಚೆಯನ್ನು ಸೋಡಾ ಹಾಕಿ ಉಬ್ಬೆಯ ಹಂಡೆಯಲ್ಲಿ ಬೇಯಿಸಿ, ಮತ್ತೆ ಒಗೆದು, ಮತ್ತೆ ಹರವಿದಳು. ಮತ್ತೆ ಚುಕ್ಕೆ. ಆಗ ಗಂಡನ ಒಂದು ಪಂಚೆಯನ್ನು ಎರಡು ತುಂಡು ಮಾಡಿ, ಒಂದನ್ನು ಮನೆಯೊಳಗೆ, ಇನ್ನೊಂದನ್ನು ಹೊರಗೆ ಹಗ್ಗದ ಮೇಲೆ ಹಾಕಿದಳು. ಬೆಳಿಗ್ಗೆ ಒಳಗಿನದು ಬೆಳ್ಳಗಿತ್ತು. ಹೊರಗಿನದು ಬೂದಿ ಬಣ್ಣಕ್ಕೆ ತಿರುಗಿತ್ತು.

ಆ ತುಂಡು ಹಿಡಿದುಕೊಂಡೇ ಅವಳು ಚಿಕ್ಕಸಿದ್ದಯ್ಯನ ಮನೆಗೆ ಹೋದಳು. ಅವನು ರೇಷ್ಮೆ ಬೆಳೆಗಾರ, ಎರಡು ಎಕರೆ ಹಿಪ್ಪುನೇರಳೆ ಇಟ್ಟವನು. ಮನೆಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ನಾಕ್ನೇ ಜ್ವರ ಎದ್ದ ಉಳ ಸೊಪ್ಪು ಮುಟ್ತಿಲ್ಲ ಕಣವ್ವ," ಅಂದ. ಹುಳು ಪೊರೆ ಬಿಡುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಪುಟ್ಟಗೌರಮ್ಮ ಬುಟ್ಟಿಯಿಂದ ಒಂದು ಎಲೆ ತೆಗೆದು ಸೆರಗಿನ ಅಂಚಿನಿಂದ ಒರೆಸಿದಳು. ಸೆರಗು ಕಪ್ಪಾಯಿತು.

ಚಿಕ್ಕಸಿದ್ದಯ್ಯ ಅರ್ಜಿ ಬರೆಸಿದ. ಇಪ್ಪತ್ತಾರು ಜನ ರುಜು, ಹೆಬ್ಬೆಟ್ಟು ಹಾಕಿದರು. ತಿಂಗಳ ಮೇಲೆ ಚಾಮರಾಜನಗರದಿಂದ ಪರಿಸರ ಅಧಿಕಾರಿ ಉದಯಕುಮಾರ್ ಜೀಪಿನಲ್ಲಿ ಬಂದ. ಅವನು ಬರುವ ಸುದ್ದಿ ಫ್ಯಾಕ್ಟ್ರಿಗೆ ಮೊದಲೇ ಮುಟ್ಟಿತ್ತು. ಎರಡು ದಿನದಿಂದ ಗುಂಡಿ ಹೊತ್ತಿಸಿರಲಿಲ್ಲ. ನೆಲಕ್ಕೆ ನೀರು ಚಿಮುಕಿಸಿ, ಕರಿ ಹಳ್ಳದ ಮೇಲೆ ಕೆಮ್ಮಣ್ಣು ಎಳೆದಿದ್ದರು. ದೊಡ್ಡಮಾದಪ್ಪ ಜೊತೆಯಲ್ಲೇ ನಿಂತು, ಈ ಊರಲ್ಲಿ ಪ್ರತಿ ಮನೆಯಲ್ಲೂ ಸೌದೆ ಒಲೆ ಉರಿಯುತ್ತದೆ, ಮಸಿ ಅಲ್ಲಿಂದ ಬಂದದ್ದು ಎಂದು ಹೇಳಿದ. ಉದಯಕುಮಾರ್ ಸುತ್ತ ನೋಡಿ ಬರೆದುಕೊಂಡ. ಹೊರಡುವಾಗ ಊರಿನವರಿಗೆ, ತಾನು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬಹುದು, ಇವತ್ತು ಕಂಡದ್ದು ಏನೂ ಇಲ್ಲ ಎಂದ. ಒರಟಾಗಿ ಹೇಳಲಿಲ್ಲ, ಆದರೆ ಜೀಪು ಹೋಯಿತು. ಅವತ್ತೇ ಸಂಜೆ ಗುಂಡಿ ಹೊತ್ತಿಸಿದರು.

ಅರ್ಜಿಗೆ ಹೆಬ್ಬೆಟ್ಟು ಹಾಕಿದವರಲ್ಲಿ ಅರ್ಧ ಜನ ಅಲ್ಲಿಗೇ ಸುಮ್ಮನಾದರು. ಚಿಕ್ಕಸಿದ್ದಯ್ಯನೂ ಇನ್ನು ಆಗದ ಮಾತು ಎಂದುಬಿಟ್ಟ. ಪುಟ್ಟಗೌರಮ್ಮ ಮಾತ್ರ ಎರಡು ದಿನ ಕೆರೆ ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತಾ ಅಧಿಕಾರಿಯ ಮಾತನ್ನೇ ಯೋಚಿಸಿದಳು. ಅವನು ಕಾಣಬೇಕು ಅಂದಿದ್ದ. ಹಾಗಾದರೆ ಕಾಣಿಸಬೇಕು. ಮೂರನೆಯ ದಿನ ಚಿಕ್ಕಸಿದ್ದಯ್ಯ ಕೈಗೆ ಸಿಕ್ಕಷ್ಟು ಗೂಡು ಮಾರಲು ಕೊಳ್ಳೇಗಾಲಕ್ಕೆ ಹೊರಟಾಗ, ಬರುವಾಗ ಒಂದು ಥಾನು ಬಿಳಿ ಬಟ್ಟೆ ತಾ ಎಂದಳು. ಎಲ್ಲವೂ ಒಂದೇ ಥಾನಿನದಾಗಿರಬೇಕು, ಹಳೆಯದು ಹೊಸದು ಎಂದು ನಾಳೆ ಯಾರೂ ಮಾತೆತ್ತಬಾರದು.

ಥಾನನ್ನು ಮೊಳದಷ್ಟು ತುಂಡು ಮಾಡಿ, ಮನೆಗೆ ಎರಡರಂತೆ ಗುರುತು ಹಾಕಿದಳು. ಗುಂಡಿ ಉರಿಯುವ ದಿನ ಹರವುವ ತುಂಡಿಗೆ ಬಲ ಮೂಲೆಯಲ್ಲಿ ಗುರುತು, ಉರಿಯದ ದಿನದ್ದಕ್ಕೆ ಎಡ ಮೂಲೆಯಲ್ಲಿ. ಯಾವ ದಿನ ಉರಿಯುತ್ತದೆ ಎಂದು ಸರಿಯಾಗಿ ಹೇಳಬಲ್ಲವರು ಫ್ಯಾಕ್ಟ್ರಿಯ ಕೂಲಿಯವರೇ. ಅವಳು ಕಾಲೋನಿಯ ರತ್ನಳ ಬಳಿಗೆ ಹೋದಳು. ಗಂಡ ಬಿಟ್ಟುಹೋದ ಮೇಲೆ ಒಬ್ಬಳೇ ಎರಡು ಮಕ್ಕಳನ್ನು ಸಾಕುತ್ತಿದ್ದ ರತ್ನ ಮೊದಲ ದಿನದಿಂದಲೂ ಗುಂಡಿಗೆ ಕರಟ ಸುರಿಯುವವಳು. ಅವಳಿಗೆ ಕೆಮ್ಮು ಹತ್ತಿ ಆರು ತಿಂಗಳಾಗಿತ್ತು.

"ಗೌರಕ್ಕ, ನೀ ಏಳದು ದಿಟವೇ," ಅಂದಳು ರತ್ನ. "ಫ್ಯಾಕ್ಟ್ರಿ ನಿಂತ್ರೆ ನಾ ಎಲ್ಲಿಗೋಗ್ಲಿ? ನಿಂಗೆ ಬಟ್ಟೆ ಅವೆ, ಸಿದ್ದಯ್ಯಂಗೆ ಉಳ ಅವೆ. ನಮ್ಗೇನದೆ?"

ಅಂಗಳದಲ್ಲಿ ರತ್ನಳ ಮಗಳ ಇಸ್ಕೂಲಿನ ಅಂಗಿ ಒಣಗಿತ್ತು, ಭುಜದ ಮೇಲೆಲ್ಲ ಮಸಿ.

"ಸುಳ್ಳು ಏಳಲ್ಲ ಕಣವ್ವ, ನಿನ್ ಕೆಲ್ಸ ಓಗ್ಬೋದು," ಅಂದಳು ಪುಟ್ಟಗೌರಮ್ಮ. "ಓದ್ರೆ ಪಂಚಾಯ್ತಿ ಬಾಗ್ಲಲ್ಲಿ ಕೆಲ್ಸ ಕೊಡಿ ಅಂತ ನಿನ್ ಜೊತೆ ನಾನೂ ಕೂತ್ಕತೀನಿ. ಸಿಗೋಗಂಟ ಅಲ್ಲಿಂದ ಏಳಕಿಲ್ಲ."

ನಾಲ್ಕು ದಿನ ಬಿಟ್ಟು ರತ್ನ ತಾನೇ ಕೆರೆ ಹತ್ತಿರ ಬಂದು, ಮಂಗಳವಾರ, ಶುಕ್ರವಾರ, ಭಾನುವಾರ ಸಂಜೆ ಹೊತ್ತಿಸುತ್ತಾರೆ, ಬೆಳಿಗ್ಗೆ ಎಂಟಕ್ಕೆಲ್ಲ ಆರಿಸಿಬಿಡುತ್ತಾರೆ ಎಂದು ಹೇಳಿದಳು. ತನಗೂ ಎರಡು ತುಂಡು ಕೊಡು ಎಂದಳು.

ಪುಟ್ಟಗೌರಮ್ಮ ಮನೆ ಮನೆಗೆ ಹೋದಳು. ಬಟ್ಟೆ ಕೇಳಲು ಹೋಗುತ್ತಿದ್ದ ಹೆಂಗಸು ಈಗ ಬಟ್ಟೆ ಕೊಡಲು ಬಂದದ್ದು ಕಂಡು ಕೆಲವರು ನಕ್ಕರು. ಕೆಲವರು ದೊಡ್ಡಮಾದಪ್ಪನ ಹೆಸರೆತ್ತಿ ಬಾಗಿಲು ಮುಂದಕ್ಕೆ ಮಾಡಿದರು. ಅವಳು ಮಾರನೆಯ ದಿನ ಮತ್ತೆ ಅದೇ ಬಾಗಿಲಿಗೆ ಹೋದಳು. ಒಂದು ಮನೆಗೆ ಐದು ಸಲ ಹೋದಳು. ನಲವತ್ತೊಂದು ಮನೆಯವರು ಒಪ್ಪಿದರು.

ಅಷ್ಟರಲ್ಲಿ ದೊಡ್ಡಮಾದಪ್ಪ ಹೇಳಿಕಳಿಸಿದ. ಜಗುಲಿಯ ಮೇಲೆ ಕೂತಿದ್ದ. "ನಿಮ್ಮತ್ತೆ ಕಾಲದಿಂದ ನಮ್ಮನೆ ಬಟ್ಟೆ ಒಗ್ದಿದ್ದೀರಿ. ಈಗ ನನ್ ಮ್ಯಾಲೇ ಅರ್ಜಿ ಕೊಟ್ಟಿದ್ದೀಯ," ಅಂದ.

"ನಿಮ್ ಮ್ಯಾಲಲ್ಲ ಬುದ್ಧಿ, ಮಸಿ ಮ್ಯಾಲೆ. ನಿಮ್ಮನೆ ಪಂಚೆ ಮ್ಯಾಲೂ ಅದು ಕೂತದೆ."

ಅವನು ಇನ್ನು ಮೇಲೆ ಬಟ್ಟೆಗೆ ಬರುವುದು ಬೇಡ ಎಂದ. ಅವನ ನೆಂಟರ ಹನ್ನೊಂದು ಮನೆಯವರೂ ನಿಲ್ಲಿಸಿದರು. ಮನೆಗೆ ಬಂದು ಪುಟ್ಟಗೌರಮ್ಮ ಗಂಡನಿಗೆ ವಿಷಯ ತಿಳಿಸಿದಳು. ಅವನು ಹನೂರಿನಲ್ಲಿ ಇಸ್ತ್ರಿಗೆ ಇನ್ನೊಂದು ಬೀದಿ ಹಿಡಿಯುತ್ತೇನೆ ಎಂದಷ್ಟೇ ಹೇಳಿದ. ಆ ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ. ಹೆದರಿಕೆ ಇತ್ತು. ಹೆದರಿಕೆ ಇದ್ದದ್ದನ್ನು ಅವಳು ಆಮೇಲೂ ಮುಚ್ಚಿಡಲಿಲ್ಲ.

ಮಂಗಳವಾರ ಸಂಜೆ ನಲವತ್ತೊಂದು ಅಂಗಳದಲ್ಲಿ ಬಲ ಮೂಲೆಯ ತುಂಡುಗಳು ಹಗ್ಗ ಏರಿದವು. ಬುಧವಾರ ಬೆಳಿಗ್ಗೆ ಅವಳೇ ಒಂದೊಂದನ್ನೂ ಇಳಿಸಿ, ಮಡಿಸದೆ, ನಡುವೆ ಕಾಗದ ಇಟ್ಟು ಸುತ್ತಿದಳು. ಬುಧವಾರ ಸಂಜೆ ಎಡ ಮೂಲೆಯವು ಏರಿದವು, ಗುರುವಾರ ಬೆಳಿಗ್ಗೆ ಇಳಿದವು.

ಶುಕ್ರವಾರ ಅವಳು, ಚಿಕ್ಕಸಿದ್ದಯ್ಯ, ಕೂಲಿ ತಪ್ಪಿಸಿ ಬಂದ ರತ್ನ ಮೂವರೂ ಎರಡು ಗಂಟು ಹೊತ್ತು ಚಾಮರಾಜನಗರದ ಬಸ್ ಹತ್ತಿದರು. ಕಚೇರಿಯಲ್ಲಿ ಉದಯಕುಮಾರ್ ಅವರನ್ನು ಗುರುತು ಹಿಡಿದ. ಚಿಕ್ಕಸಿದ್ದಯ್ಯ ಅರ್ಜಿ ಓದಲು ಹೊರಟ. ಪುಟ್ಟಗೌರಮ್ಮ ಅವನನ್ನು ತಡೆದು, ಗಂಟು ಬಿಚ್ಚಿ, ಕಚೇರಿಯ ನೆಲದ ಮೇಲೆ ಬಲ ಮೂಲೆಯ ತುಂಡುಗಳನ್ನು ಊರಿನ ಬೀದಿಗಳ ಪ್ರಕಾರವೇ ಹಾಸಿದಳು. ಮೇಲಿನ ಬೀದಿ ಇಲ್ಲಿ, ಶಾಲೆ ಅಲ್ಲಿ, ಕಾಲೋನಿ ಗೋಡೆಯ ಪಕ್ಕ. ಹಾಸುತ್ತಾ ಹೋದಂತೆ ಪಶ್ಚಿಮದ ಮೂಲೆ ಕಪ್ಪಾಯಿತು, ನಡುವಿನದು ಬೂದಿಯಾಯಿತು, ಪೂರ್ವದ ಕೊನೆಯ ಮನೆಗಳು ಮಾತ್ರ ಅಷ್ಟಿಷ್ಟು ಬಿಳಿ ಉಳಿದವು. ಪಕ್ಕದಲ್ಲಿ ಎಡ ಮೂಲೆಯವನ್ನು ಅದೇ ರೀತಿ ಹಾಸಿದಳು. ಎಲ್ಲವೂ ಬೆಳ್ಳಗಿದ್ದವು. ಆ ಸಂಜೆಯೂ ಊರಿನ ಅಷ್ಟೂ ಒಲೆಗಳು ಉರಿದಿದ್ದವು.

ಇದು ಯಾರ ಮನೆಯದು ಎಂದು ಹೇಗೆ ಹೇಳುತ್ತೀರಿ ಎಂದು ಉದಯಕುಮಾರ್ ಒಂದು ತುಂಡು ತೋರಿಸಿ ಕೇಳಿದ. ಅವಳು ಗುರುತು ನೋಡಿ ಹೆಸರು ಹೇಳಿದಳು. ಹತ್ತು ತುಂಡು ಕೇಳಿದ, ಹತ್ತೂ ಹೇಳಿದಳು. ಇದು ರಸ್ತೆಯ ಧೂಳಾಗಿರಬಾರದೇಕೆ ಎಂದೂ ಕೇಳಿದ.

"ಮಣ್ಣಿನ ಧೂಳಾದ್ರೆ ಒದ್ರುದ್ರೆ ಉದುರ್ತದೆ ಸಾ. ಒಲೆ ಒಗೆ ಅಳದಿ ಕಟ್ತದೆ, ಉಬ್ಬೆಗಾಕುದ್ರೆ ಬುಡ್ತದೆ. ಇದು ನೀರು ಮುಟ್ಟುದ್ರೆ ಇನ್ನೂ ಅರಡ್ಕತದೆ," ಎಂದು ಅವಳು ಕುಡಿಯುವ ನೀರಿನ ಲೋಟದಲ್ಲಿ ಬೆರಳದ್ದಿ ಒಂದು ತುಂಡಿನ ಮೇಲೆ ಎಳೆದಳು. ಕಪ್ಪು ಗೆರೆ ಅಗಲವಾಗಿ ಹರಡಿತು.

ಉದಯಕುಮಾರ್ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. "ಅಮ್ಮ, ಬಟ್ಟೆ ಲ್ಯಾಬ್ ರಿಪೋರ್ಟ್ ಆಗಲ್ಲ. ಆದ್ರೆ ನಾನು ಯಾವ ದಿನ ಬರ್ಬೇಕು, ಎಲ್ಲಿ ನಿಂತ್ಕೋಬೇಕು ಅಂತ ಇದು ಹೇಳ್ತಿದೆ," ಅಂದ.

ಅವನು ಯಾರಿಗೂ ತಿಳಿಸದೆ ಬಂದ. ಒಂದು ಬುಧವಾರ ಬೆಳಿಗ್ಗೆ ಆರೂವರೆಗೆ, ಬಸ್ಸಿನಲ್ಲಿ, ಇಬ್ಬರು ಸಿಬ್ಬಂದಿಯ ಜೊತೆ. ಗುಂಡಿಗಳು ಉರಿಯುತ್ತಿದ್ದವು. ಗಾಳಿ ಅಳೆಯುವ ಯಂತ್ರವನ್ನು ಕಾಲೋನಿಯಲ್ಲಿ ರತ್ನಳ ಮನೆಯ ಮುಂದೆಯೇ ಇಟ್ಟರು. ಕರಿ ನೀರನ್ನೂ ಬಾವಿಯ ನೀರನ್ನೂ ಬಾಟಲಿಗೆ ತುಂಬಿಕೊಂಡರು. ಎರಡು ತಿಂಗಳ ಮೇಲೆ ಆದೇಶ ಬಂತು. ತೆರೆದ ಗುಂಡಿಯಲ್ಲಿ ಸುಡುವಂತಿಲ್ಲ. ಮುಚ್ಚಿದ ಒಲೆ, ಚಿಮಣಿ, ನೀರಿಗೆ ತೊಟ್ಟಿ ಕಟ್ಟುವವರೆಗೆ ಕೆಲಸ ನಿಲ್ಲಿಸಬೇಕು. ಮಾಲೀಕ ಕಟ್ಟುವ ಗೋಜಿಗೆ ಹೋಗಲಿಲ್ಲ. ಉಳಿದ ಮೂಟೆಗಳನ್ನು ಲಾರಿಗೆ ಹೇರಿಕೊಂಡು ಹೋದ.

ಅಂದರೆ ಹದಿನೈದು ಹೆಂಗಸರ ಕೂಲಿ ಹೋಯಿತು. ಅವರಲ್ಲಿ ಇಬ್ಬರು ಪುಟ್ಟಗೌರಮ್ಮನನ್ನು ಕೆರೆ ದಂಡೆಯಲ್ಲಿ ನಿಲ್ಲಿಸಿ ಕೇಳಬಾರದ ಮಾತು ಕೇಳಿದರು. ಮಾರನೆಯ ಬೆಳಿಗ್ಗೆ ಅವಳು ರತ್ನಳನ್ನು ಕರೆದುಕೊಂಡು ಪಂಚಾಯ್ತಿಗೆ ಹೋಗಿ, ಹದಿನೈದು ಜನಕ್ಕೂ ಉದ್ಯೋಗ ಖಾತ್ರಿ ಕೆಲಸ ಬೇಕು ಎಂದು ಅರ್ಜಿ ಕೊಟ್ಟು ಬಾಗಿಲಲ್ಲಿ ಕೂತಳು. ಮೊದಲ ದಿನ ಇಬ್ಬರೇ. ಮೂರನೆಯ ದಿನ ಒಂಬತ್ತು ಜನ. ಒಗೆಯುವ ಬಟ್ಟೆಯನ್ನು ಬೆಳಗಿನ ಜಾವವೇ ಮುಗಿಸಿ ಬರುತ್ತಿದ್ದಳು. ಹನ್ನೆರಡನೆಯ ದಿನ ಕೆರೆ ಹೂಳೆತ್ತುವ ಕೆಲಸ ಮಂಜೂರಾಯಿತು. ಅದು ವರ್ಷಪೂರ್ತಿ ಸಿಗುವ ಕೆಲಸವಲ್ಲ, ರತ್ನಳಿಗೆ ಅದು ಗೊತ್ತು. ಕೆಮ್ಮು ಮಾತ್ರ ಕಡಿಮೆಯಾಗಿದೆ ಎನ್ನುತ್ತಾಳೆ.

ಚಿಕ್ಕಸಿದ್ದಯ್ಯನ ಹುಳುಗಳು ಈಗ ಸೊಪ್ಪು ತಿನ್ನುತ್ತಿವೆ. ದೊಡ್ಡಮಾದಪ್ಪನ ಮನೆಯ ಬಟ್ಟೆ ಇವತ್ತಿಗೂ ಪುಟ್ಟಗೌರಮ್ಮನಿಗೆ ಬರುವುದಿಲ್ಲ, ಅವಳೂ ಕೇಳಲು ಹೋಗಿಲ್ಲ.

ಬಾವಿಯದು ಇನ್ನೂ ಮುಗಿದಿಲ್ಲ. ನೀರಿನ ಮೇಲೆ ಕರಿ ಪೊರೆ ಕಟ್ಟುತ್ತದೆ, ಕಾಲೋನಿಯವರು ಅರ್ಧ ಮೈಲಿ ದೂರದಿಂದ ನೀರು ಹೊರುತ್ತಾರೆ. ಫ್ಯಾಕ್ಟ್ರಿ ಮಾಲೀಕನಿಂದಲೇ ಬಾವಿ ಶುಚಿ ಮಾಡಿಸಬೇಕು, ಅಲ್ಲಿಯವರೆಗೆ ಟ್ಯಾಂಕರ್ ಕಳಿಸಬೇಕು ಎಂಬುದು ಈಗಿನ ಅರ್ಜಿ. ಪ್ರತಿ ಸೋಮವಾರ ಒಂಬತ್ತರ ಬಸ್ಸಿಗೆ ಪುಟ್ಟಗೌರಮ್ಮ ಹನೂರಿನ ತಾಲ್ಲೂಕು ಕಚೇರಿಗೆ ಹೊರಡುತ್ತಾಳೆ. ಪ್ರತಿ ವಾರ ಬೇರೆ ಬೇರೆ ಐದು ಮನೆಯವರು ಜೊತೆಗಿರುತ್ತಾರೆ. ಹೋದ ವಾರ ಗುಮಾಸ್ತ, ಮುಂದಿನ ತಿಂಗಳು ಬನ್ನಿ ಎಂದನಂತೆ. ಮುಂದಿನ ಸೋಮವಾರ ಬರುತ್ತೇವೆ ಎಂದು ಅವಳು ಹೇಳಿ ಬಂದಿದ್ದಾಳೆ.