ಇನ್‌ಸ್ಪೆಕ್ಟರ್ ಮನೆಗೆ ಬಂದ ನಡೆಯುವ ಮಷಿನ್

ಶರಣಬಸಪ್ಪನವರ ಮೋಟರ್‌ಸೈಕಲ್ ಕುಷ್ಟಗಿ ಸಂತೆಯ ಬಾಯಿಗೆ ಬಂತೆಂದರೆ ಅರ್ಧ ಸಂತೆಯ ತಕ್ಕಡಿಗಳು ಗೋಣಿಚೀಲದ ಕೆಳಗೆ ಸೇರುತ್ತಿದ್ದವು. ಯಲಬುರ್ಗಾದಲ್ಲೂ ಅದೇ ಕಥೆ. ಗಂಗಾವತಿಯ ಅಕ್ಕಿ ಅಂಗಡಿಯವರು ಮಾತ್ರ ಸ್ವಲ್ಪ ನಾಜೂಕಿನವರು. ಅವರು ತಕ್ಕಡಿ ಮುಚ್ಚಿಡುತ್ತಿರಲಿಲ್ಲ, ಮೊದಲು ಚಾ ತರಿಸುತ್ತಿದ್ದರು. ಶರಣಬಸಪ್ಪನವರು ಚಾ ಮುಟ್ಟದೆ, ಚೀಲದಿಂದ ಹಿತ್ತಾಳೆಯ ತೂಕದ ಕಲ್ಲುಗಳನ್ನು ತೆಗೆದು ಸಾಲಾಗಿ ಇಡುತ್ತಿದ್ದರು.

೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ, ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿ ಅವರು ಇಲ್ಲಿಗೆ ಬಂದರು. ಇಟಗಿ ಹತ್ತಿರದ ಒಕ್ಕಲುತನದ ಮನೆತನ. ತಂದೆ ಗವಿಸಿದ್ದಪ್ಪ ಯಾರಿಗೆ ಜೋಳ ಅಳೆದುಕೊಟ್ಟರೂ ಸೇರು ತುಂಬಿಸಿ ಮೇಲೊಂದು ಬೊಗಸೆ ಸುರಿಯುತ್ತಿದ್ದ ಮನುಷ್ಯ. ಅಂಥವನ ಹೊಟ್ಟೆಯಲ್ಲಿ ಇಂಥವನು ಹೇಗೆ ಹುಟ್ಟಿದ ಎಂದು ಊರವರು ಮಾತಾಡಿಕೊಳ್ಳುತ್ತಿದ್ದರು.

ಯಲಬುರ್ಗಾ ಸಂತೆಯಲ್ಲಿ ಪಕೀರಮ್ಮ ಎಂಬ ಉಳ್ಳಾಗಡ್ಡಿ ಮಾರುವ ಮುದುಕಿ ಇದ್ದಳು. ಕಿಲೋ ಕಲ್ಲಿನ ಬದಲು ಹೊಲದಿಂದ ತಂದ ಒಂದು ಗುಂಡುಕಲ್ಲನ್ನು ತಕ್ಕಡಿಗೆ ಹಾಕುತ್ತಿದ್ದಳು. ಶರಣಬಸಪ್ಪನವರು ಅದನ್ನು ತೂಗಿ ನೋಡಿದರೆ ಕಿಲೋಗಿಂತ ಹೆಚ್ಚೇ ಇತ್ತು. ಇಷ್ಟು ವರ್ಷ ಮುದುಕಿ ತನಗೇ ಮೋಸ ಮಾಡಿಕೊಂಡಿದ್ದಳು.

“ಹೆಚ್ಚಿಗಿ ಕೊಟ್ರೂ ದಂಡ ಐತೇನ್ರಿ ಸಾಹೇಬ್ರ?” ಎಂದು ಅವಳು ಕೇಳಿದಳು.

“ತಪ್ಪು ಅಂದ್ರ ತಪ್ಪ, ಯವ್ವಾ. ಆ ಕಡೀಗಾದ್ರೇನು, ಈ ಕಡೀಗಾದ್ರೇನು,” ಎಂದು ಹೇಳಿ ಅವರು ಕಲ್ಲನ್ನು ವಶಪಡಿಸಿಕೊಂಡರು. ದಂಡ ಮಾತ್ರ ಹಾಕಲಿಲ್ಲ. ಅದನ್ನು ದೊಡ್ಡ ಉಪಕಾರವೆಂದೇ ತಿಳಿದಿದ್ದರು.

ಹೀಗೆ ಊರಿನ ತೂಕವನ್ನೆಲ್ಲ ನೋಡಿಕೊಂಡ ಮನುಷ್ಯ ತನ್ನ ತೂಕ ನೋಡಿಕೊಂಡಿರಲಿಲ್ಲ. ನಿವೃತ್ತರಾದ ವರ್ಷವೇ ಸಕ್ಕರೆ ಕಾಯಿಲೆ ತಗುಲಿತು. ಡಾಕ್ಟರ್ ಮಹೇಶ್ವರಿ ಗುಳಿಗೆ ಬರೆದುಕೊಟ್ಟು, “ಕಾಕಾ, ದಿನಾ ನಡೀರಿ. ಹೊಟ್ಟಿ ಇಳೀಬೇಕು,” ಎಂದರು.

ಶರಣಬಸಪ್ಪನವರು ಆಜ್ಞೆ ಪಾಲಿಸುವ ಮನುಷ್ಯ. ಬೆಳಕು ಹರಿಯುತ್ತಿದ್ದಂತೆ ಗವಿಮಠದ ಗುಡ್ಡದ ಕಡೆ ಹೊರಡತೊಡಗಿದರು. ಜೊತೆಗೆ ಓಣಿಯ ಕಿರಾಣಿ ಅಂಗಡಿಯ ಶಬ್ಬೀರಸಾಬರು. ಇವರಿಬ್ಬರ ಪರಿಚಯವಾದದ್ದೇ ಒಂದು ತಕ್ಕಡಿಯಿಂದ. ಹಿಂದೆ ಶಬ್ಬೀರಸಾಬರ ಅಂಗಡಿಯ ತಕ್ಕಡಿ ಒಂದು ಕೂದಲಿನಷ್ಟು ಬಾಗಿದೆಯೆಂದು ಶರಣಬಸಪ್ಪನವರು ಅದನ್ನು ಇಲಾಖೆಯ ಜೀಪಿಗೆ ಹಾಕಿಕೊಂಡು ಹೋಗಿದ್ದರು. ಅದಾದ ಮೇಲೆ ಕೆಲವು ವರ್ಷ ಸಾಬರು ಇವರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಇವರು ಅದೇ ಓಣಿಯಲ್ಲಿ ಮನೆ ಕಟ್ಟಿಸಿದ ಮೇಲೆ ಆ ಬದಿಗೆ ಹೋಗಿಯೂ ಪ್ರಯೋಜನವಿಲ್ಲದಂತಾಯಿತು, ಸ್ನೇಹವಾಯಿತು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಅವರ ಬಡಾವಣೆ ಕಪ್ಪು ಮಣ್ಣಿನ ಎರೆಹೊಲ ಒಡೆದು ಮಾಡಿದ್ದು. ಹೊಸ್ತಿಲು ದಾಟಿದರೆ ಚಪ್ಪಲಿಯ ಕೆಳಗೆ ಇನ್ನೊಂದು ಮಣ್ಣಿನ ಚಪ್ಪಲಿ ಬೆಳೆಯುತ್ತಿತ್ತು. ಒಂದು ಮುಂಜಾನೆ ಶರಣಬಸಪ್ಪನವರು ಗೇಟಿನ ಮುಂದೆಯೇ ಜಾರಿ, ಬೀಳದೆ, ಆದರೆ ಬೀಳುವವರು ಮಾಡುವ ಎಲ್ಲ ಚಲನೆಗಳನ್ನೂ ಮಾಡಿ, ಒಳಗೆ ಬಂದು ಕೂತುಬಿಟ್ಟರು. ನಡಿಗೆ ನಿಂತಿತು.

ಸುದ್ದಿ ಗಂಗಾವತಿಯಲ್ಲಿದ್ದ ಮಗಳು ಅಮೃತಾಳಿಗೆ ಮುಟ್ಟಿತು. ಅವಳು ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗಂಡ ಪ್ರಭುರಾಜನದು ಅಕ್ಕಿ ವ್ಯಾಪಾರ. ಮರುವಾರವೇ ಒಂದು ಟಂಟಂ ಗಾಡಿಯಲ್ಲಿ ತಾಡಪತ್ರಿ ಹೊದ್ದುಕೊಂಡು ಟ್ರೆಡ್‌ಮಿಲ್ ಬಂತು. ಅಳಿಯಂದಿರ ಕೊಡುಗೆ ಎಂದು ಅದನ್ನು ಪಡಸಾಲೆಯಲ್ಲಿ, ದೇವರ ಕೋಣೆಗೆ ಎದುರಾಗಿ ಇರಿಸಿದರು.

ಶರಣಬಸಪ್ಪನವರ ಹೆಂಡತಿ ಕಳಕಮ್ಮ ಸುತ್ತ ಒಂದು ಸಲ ತಿರುಗಿ ನೋಡಿ, “ಇಷ್ಟು ನಡದ್ರೂ ಅಡಗಿಮನೀ ಮಟ್ಟಾನೂ ಬರಾಂಗಿಲ್ಲಲ್ರಿ,” ಎಂದರು.

ಮೊದಲ ದಿನ ಶರಣಬಸಪ್ಪನವರು ಎರಡೂ ಕೈಯಿಂದ ಹಿಡಿಕೆ ಹಿಡಿದು ಹತ್ತಿದರು. ಹೊಸಪೇಟೆ ಬಸ್ಸಿನಲ್ಲಿ ನಿಂತವರು ಸರಳಿಗೆ ಜೋತುಬಿದ್ದಂತೆ ಜೋತುಬಿದ್ದು ನಡೆದರು. ಕಣ್ಣೆದುರಿನ ಸಣ್ಣ ಗಾಜಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಒಂದು ವೇಗ, ಒಂದು ದೂರ, ಒಂದು ಹೊತ್ತು. ನಾಲ್ಕನೆಯದು ಏನೆಂದು ತಿಳಿಯದೆ ಮಗಳಿಗೆ ಫೋನ್ ಮಾಡಿದರು.

“ಅದು ಕ್ಯಾಲರಿ, ಅಪ್ಪಾ. ನಿನ್ನ ಮೈಯಾಗಿನ ಶಕ್ತಿ ಎಷ್ಟು ಸುಟ್ಟತು ಅಂತ ತೋರಸತೈತಿ.”

“ಅಂದ್ರ ತಿಂದದ್ದಕ್ಕ ಲೆಕ್ಕ?”

“ಹೂಂ, ಹಂಗ ಅನ್ಕೋ,” ಎಂದು ಅವಳು ಕ್ಲಾಸಿನ ಗಂಟೆ ಹೊಡೆಯಿತೆಂದು ಫೋನ್ ಇಟ್ಟಳು. ಆ ಗಂಟೆ ಇನ್ನೊಂದು ನಿಮಿಷ ತಡವಾಗಿ ಹೊಡೆದಿದ್ದರೆ ಮುಂದಿನದೆಲ್ಲ ನಡೆಯುತ್ತಿರಲಿಲ್ಲ.

ಶರಣಬಸಪ್ಪನವರು ಬಿಸ್ಕೀಟಿನ ಪಾಕೀಟು ತರಿಸಿದರು. ಕೆಲಸದಲ್ಲಿದ್ದಾಗ ಇಂಥ ಸಾವಿರಾರು ಪಾಕೀಟುಗಳ ಬೆನ್ನು ಓದಿದ್ದರು. ಆದರೆ ನೋಡಿದ್ದು ನಿವ್ವಳ ತೂಕ, ಬೆಲೆ, ತಾರೀಖು ಮಾತ್ರ. ಕ್ಯಾಲರಿ ಎಂಬ ಸಾಲು ಅಲ್ಲಿಯೇ ಇದ್ದರೂ ಅದು ತಮ್ಮ ಇಲಾಖೆಗೆ ಸೇರಿದ್ದಲ್ಲವೆಂದು ಬಿಟ್ಟಿದ್ದರು. ಈಗ ಕನ್ನಡಕ ಏರಿಸಿಕೊಂಡು ಓದಿದಾಗ ಅವರ ಮುಖ ಅರಳಿತು. ತಿನ್ನುವುದಕ್ಕೂ ಅಂಕಿ ಇದೆ, ನಡೆಯುವುದಕ್ಕೂ ಅಂಕಿ ಇದೆ. ಇಷ್ಟು ಸೊಗಸಾದ ತಕ್ಕಡಿಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಅವರು ಮಷಿನ್ ಇಳಿದು ಬೆವರು ಒರೆಸಿಕೊಳ್ಳುತ್ತ, “ಇವತ್ತು ಎರಡ ಮಿರ್ಚಿ ಭಜಿಗೆ ಅಡ್ಡಿಲ್ಲ,” ಎಂದು ಅಡುಗೆಮನೆಗೆ ಕೂಗಿ ಹೇಳುವರು. ಹೋಳಿಗೆಯ ಬೆನ್ನಿನ ಮೇಲೆ ಏನೂ ಬರೆದಿರುವುದಿಲ್ಲವಾದ್ದರಿಂದ ಅದನ್ನು ಅಡುಗೆಮನೆಯ ಸಣ್ಣ ಕಾಟಾದ ಮೇಲಿಟ್ಟು ತೂಗಿ, ಬಿಸ್ಕೀಟಿಗೆ ಸಮ ಮಾಡಿ ಲೆಕ್ಕ ಕಟ್ಟಿದರು. ಮೇಲೆ ಹಾಕಿಕೊಳ್ಳುವ ತುಪ್ಪವನ್ನು ತೂಗಲಿಲ್ಲ. ತುಪ್ಪ ಹೋಳಿಗೆಯೊಳಗೆ ಇಂಗುವುದರಿಂದ ಅದಕ್ಕೆ ಬೇರೆ ಲೆಕ್ಕ ಬೇಡ ಎಂಬುದು ಅವರ ವಾದ.

“ಡಾಕ್ಟರಮ್ಮ ಸಿಹಿ ಬ್ಯಾಡ ಅಂದಾರಲ್ರಿ,” ಎಂದು ಕಳಕಮ್ಮ ನೆನಪಿಸಿದರು.

“ನಡೀದ ತಿನ್ನಬ್ಯಾಡ ಅಂದಾರ. ನಾ ಸುಟ್ಟು ತಿನ್ನಾಕತ್ತೀನಿ.”

ಮಳೆ ಒಂದು ಕಡೆ, ನಡಿಗೆ ಒಂದು ಕಡೆ, ಹೋಳಿಗೆ ಒಂದು ಕಡೆ ಸಾಗಿದವು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಮಹೇಶ್ವರಿಯವರು ತೂಕದ ಮಷಿನ್ ನೋಡಿ, ಇವರ ಮುಖ ನೋಡಿ, ಮತ್ತೆ ಮಷಿನ್ ನೋಡಿದರು.

“ಕಾಕಾ, ಮೂರು ಕಿಲೋ ಏರೈತಲ್ರಿ. ಸಕ್ರಿನೂ ಏರೈತಿ.”

ಶರಣಬಸಪ್ಪನವರು ಕೆಳಗಿಳಿದು ಬಗ್ಗಿ ಮಷಿನ್ನಿನ ಅಡಿ ನೋಡಿದರು. “ಇದಕ್ಕ ನಮ್ಮ ಇಲಾಖಿ ಮುದ್ರಿ ಯಾವಾಗ ಹಾಕಿಸೀರಿ?”

ಹೊರಗೆ ಸರದಿಯಲ್ಲಿ ಹತ್ತಾರು ಜನ ಕೂತಿದ್ದರೂ ಮಹೇಶ್ವರಿ ತಾಳ್ಮೆಯ ಹೆಣ್ಣುಮಗಳು. ನಕ್ಕು, ಪರೀಕ್ಷೆ ಮಾಡಿಕೊಳ್ಳಿ ಎಂದರು. ಶರಣಬಸಪ್ಪನವರು ಮಷಿನ್ನನ್ನು ಸಮತಟ್ಟಾದ ಕಡೆ ಸರಿಸಿ, ಸೊನ್ನೆ ನೋಡಿ, ಮತ್ತೆ ಹತ್ತಿದರು. ಜೇಬಿನ ಮೊಬೈಲು, ಕೀಲಿಕೈ ತೆಗೆದಿಟ್ಟು ಇನ್ನೊಮ್ಮೆ ಹತ್ತಿದರು. ಚಪ್ಪಲಿ ಬಿಟ್ಟು ಹತ್ತಿದರು. ಮಷಿನ್ ಪ್ರಾಮಾಣಿಕವಾಗಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವುದು ಇನ್ನೊಂದು.

ಮನೆಗೆ ಬಂದವರೇ ಶಬ್ಬೀರಸಾಬರನ್ನು ಕರೆಸಿದರು. ಸಾಬರು ಒಣಗಿದ ಜಾಲಿಯ ಕಡ್ಡಿಯಂಥ ದೇಹದವರು, ಇವರ ಅರ್ಧದಷ್ಟು ತೂಗುತ್ತಿದ್ದರೇನೋ. ಮೊದಲು ಶರಣಬಸಪ್ಪನವರು ನಡೆದರು. ಆಮೇಲೆ ಅದೇ ವೇಗ, ಅಷ್ಟೇ ಹೊತ್ತು ಸಾಬರನ್ನು ನಡೆಸಿದರು.

“ನನ್ನ ಮೈಯಾಗ ಎಲುಬ ಬಿಟ್ರ ಏನೈತ್ರಿ ಸಾಹೇಬ್ರ? ಇದು ಏನ ಸುಡತೈತಿ?” ಎನ್ನುತ್ತ ಸಾಬರು ನಡೆದರು.

ಗಾಜಿನಲ್ಲಿ ಇಬ್ಬರಿಗೂ ಒಂದೇ ಅಂಕಿ ಬಂತು.

ಶರಣಬಸಪ್ಪನವರ ಕಣ್ಣಿನಲ್ಲಿ ಹಳೆಯ ಬೆಳಕು ಬಂತು. “ನೋಡ್ರಿ, ಎತ್ತು ನಡದ್ರೂ ಅಷ್ಟ, ಆಡು ನಡದ್ರೂ ಅಷ್ಟ!”

“ಆಡು ನಾನೇನ್ರಿ?” ಎಂದು ಸಾಬರು ಉಸಿರು ಸುಧಾರಿಸಿಕೊಳ್ಳಲು ಎರಡೂ ಕಾಲನ್ನು ಮಷಿನ್ನಿನ ಅಂಚಿನ ಮೇಲಿಟ್ಟು ನಿಂತರು. ನಡುವೆ ಪಟ್ಟಿ ತನ್ನ ಪಾಡಿಗೆ ತಿರುಗುತ್ತಿತ್ತು. ಸಾಬರು ಮುಖ ಒರೆಸಿಕೊಂಡು ಗಾಜಿನ ಕಡೆ ನೋಡಿದರು. “ಸಾಹೇಬ್ರ, ನಾ ನಿಂತೀನ್ರಿ. ಇದಕ್ಕ ಯಾರರ ಹೇಳ್ರಿ.”

ಅಂಕಿ ಏರುತ್ತಲೇ ಇತ್ತು.

ಸಾಬರನ್ನು ಇಳಿಸಿ, ಪಟ್ಟಿಯನ್ನು ಖಾಲಿ ತಿರುಗಲು ಬಿಟ್ಟು, ಇಬ್ಬರೂ ಮಂಚದ ಮೇಲೆ ಕೂತು ನೋಡಿದರು. ಕಳಕಮ್ಮ ಚಾ ತಂದುಕೊಟ್ಟರು. ಇವರು ಚಾ ಕುಡಿದು ಮುಗಿಸುವಷ್ಟರಲ್ಲಿ, ಯಾರೂ ನಡೆಯದ ಮಷಿನ್ ಒಂದು ಬಿಸ್ಕೀಟಿನಷ್ಟನ್ನು ಸುಟ್ಟಿತ್ತು.

“ನನ್ನ ತಕ್ಕಡಿ ಒಂದ ಕೂದಲ ಬಾಗಿತ್ತ್ರಿ. ಜೀಪಿನ್ಯಾಗ ಹಾಕ್ಕೊಂಡು ಹೋದ್ರಿ,” ಎಂದರು ಸಾಬರು, ಬಸಿಯಲ್ಲಿ ಉಳಿದ ಚಾ ಹೀರುತ್ತ. “ಇದನ್ನ ಯಾವ ಜೀಪಿನ್ಯಾಗ ಹಾಕತೀರಿ?”

ಮಷಿನ್ ಅಳಿಯಂದಿರದು. ದಸರೆಗೆ ಮಗಳು ಅಳಿಯ ಬರುವವರಿದ್ದರು. ಕಳಕಮ್ಮ ಎರಡು ದಿನ ಮೊದಲೇ ತಾಕೀತು ಮಾಡಿದರು: “ಬಂದವರ ಮುಂದ ತನಿಖಿ ಗಿನಿಖಿ ತಗೀಬ್ಯಾಡ್ರಿ. ಪ್ರೀತಿಲೆ ಕೊಟ್ಟಾರ.”

ಶರಣಬಸಪ್ಪನವರು ಒಪ್ಪಿದರು. ಹಬ್ಬದ ಊಟಕ್ಕೆ ಕೂತು ಹೋಳಿಗೆ ಬಡಿಸುವವರೆಗೂ ಮಾತು ಉಳಿಸಿಕೊಂಡರು. ಆದರೆ ಪ್ರಭುರಾಜ ಒಳ್ಳೆಯ ಮನಸ್ಸಿನಿಂದಲೇ, “ಮಾವಾರ, ಮಷಿನ್ ಹೆಂಗ ನಡದೈತ್ರಿ?” ಎಂದು ಕೇಳಿಬಿಟ್ಟ.

ಶರಣಬಸಪ್ಪನವರು ಹೆಂಡತಿಯ ಕಡೆ ನೋಡಿದರು. ಕಳಕಮ್ಮ ಕಣ್ಣಿನಿಂದಲೇ ಬೇಡ ಎಂದರು.

“ಅದು ಛಲೋ ನಡದೈತ್ರಿ,” ಎಂದರು ಶರಣಬಸಪ್ಪನವರು. ಹೋಳಿಗೆಯ ಒಂದು ತುಂಡು ಮುರಿದರು. “ನಾವಿಲ್ಲದನೂ ನಡೀತೈತಿ.”

ಅಮೃತಾ ಅಪ್ಪನ ಮುಖ ನೋಡಿದಳು. ಆಮೇಲೆ ತಡೆಯಲು ಯಾರಿಂದಲೂ ಆಗಲಿಲ್ಲ. ಎಲೆಯಿಂದ ಎದ್ದು ಕೈ ತೊಳೆದುಕೊಂಡು ಬಂದು ಶರಣಬಸಪ್ಪನವರು ಮಷಿನ್ ಚಾಲೂ ಮಾಡಿದರು. ಖಾಲಿ ಪಟ್ಟಿಯ ಪರೀಕ್ಷೆ, ಎತ್ತು ಆಡಿನ ಪರೀಕ್ಷೆ, ದವಾಖಾನೆಯ ಮೂರು ಕಿಲೋ, ಎಲ್ಲವನ್ನೂ ಕ್ರಮವಾಗಿ ಹೇಳಿದರು.

ಕಳಕಮ್ಮ ಅಡುಗೆಮನೆ ಸೇರಿದ್ದರು. ಅಳಿಯನಿಗೆ ಬೇಸರವಾಯಿತೇನೋ ಎಂದು ಶರಣಬಸಪ್ಪನವರಿಗೂ ಕಡೆಗೆ ಅಳುಕಾಯಿತು. ಪ್ರಭುರಾಜ ತಲೆ ಬಗ್ಗಿಸಿ ಕೂತಿದ್ದ. ನೋಡಿದರೆ ಅವನ ಭುಜ ಅಲುಗುತ್ತಿತ್ತು, ನಗು ತಡೆಯಲಾಗುತ್ತಿರಲಿಲ್ಲ.

“ಮಾವಾರ, ಇದು ಹೊಸಾದಲ್ರಿ. ಒಂದು ವರ್ಷ ನಮ್ಮನ್ಯಾಗ ಇತ್ತು. ನಾನೂ ಇದರ ಮಾತು ಕೇಳಿ ದಿನಾ ಎರಡ ಹೊತ್ತು ದ್ವಾಶಿ ತಿಂದೀನಿ.” ಅವನು ಶರಟು ಸ್ವಲ್ಪ ಎಳೆದುಕೊಂಡ. “ನೋಡ್ರಿ, ಎಲ್ಲಾ ಇಲ್ಲೇ ಐತಿ.”

“ಹಂಗಿದ್ರ ನನಗ್ಯಾಕ ಕಳಿಸಿದ್ರಿ?”

“ನೀವು ಇಲಾಖ್ಯಾಗ ಇದ್ದವರು, ಮೋಸ ಹೋಗಾಂಗಿಲ್ಲ ಅನ್ಕೊಂಡಿದ್ದೆ.”

ಅಮೃತಾ ಮಾತ್ರ ಟೀಚರಾದ್ದರಿಂದ ಪಾಠ ಮಾಡದೆ ಬಿಡಲಿಲ್ಲ. ಮಷಿನ್ನಿಗೆ ಅಪ್ಪ ಯಾರೆಂದು ಗೊತ್ತಿಲ್ಲ. ಅವನ ತೂಕ, ವಯಸ್ಸು ಏನನ್ನೂ ಅದು ಕೇಳಿಲ್ಲ. ಯಾವನೋ ಒಬ್ಬ ಸಾಧಾರಣ ಮನುಷ್ಯನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪಟ್ಟಿಯ ವೇಗದ ಮೇಲೆ ಅಂದಾಜು ಹೇಳುತ್ತದೆ. ಹಿಡಿಕೆಗೆ ಜೋತುಬಿದ್ದರೆ ಮೈಯ ಭಾರ ಕೈಗೆ ಹೋಗಿ ಕಾಲಿನ ಕೆಲಸ ಇನ್ನೂ ಕಡಿಮೆ. ಅದೂ ಮಷಿನ್ನಿಗೆ ಗೊತ್ತಾಗುವುದಿಲ್ಲ. ತೂಕ ಕೇಳುವ ಮಷಿನ್ನುಗಳೂ ಇವೆ, ಕೈಗೆ ಕಟ್ಟುವ ಗಡಿಯಾರಗಳೂ ಇವೆ, ಅವು ಹೇಳುವುದೂ ಅಂದಾಜೇ.

“ಹಂಗಾರ ಅಂದಾಜು ಅಂತ ಅದರ ಮ್ಯಾಲ ಬರೀಬೇಕಿತ್ತು,” ಎಂದರು ಶರಣಬಸಪ್ಪನವರು.

“ಬರದಿದ್ರೂ ನೀ ಓದತಿದ್ದೇನು, ಅಪ್ಪಾ? ಬಿಸ್ಕೀಟಿನ ಪಾಕೀಟಿನ ಮ್ಯಾಲ ನೂರು ಗ್ರಾಮಿಗೆ ಇಷ್ಟು ಅಂತ ಬರದೈತಿ. ನೀ ಪಾಕೀಟಿಗೆ ಅಷ್ಟು ಅಂತ ಹಿಡದೀಯಂತ, ಅವ್ವ ಹೇಳಿದ್ಲು.”

ಪಾಕೀಟು ತರಿಸಿ ನೋಡಿದರು. ಮಗಳು ಹೇಳಿದ್ದೇ ಸರಿ. ಈ ತಪ್ಪು ಅವರಿಗೇ ವಿರುದ್ಧವಾಗಿತ್ತು ಎಂಬುದು, ಅಂದರೆ ಸಣ್ಣ ಪಾಕೀಟಿನ ಬಿಸ್ಕೀಟನ್ನು ಇನ್ನೂ ಹೆಚ್ಚು ತಿನ್ನಬಹುದಿತ್ತು ಎಂಬುದು ಹೊಳೆದಾಗ ಅವರು ಒಂದು ಕ್ಷಣ ಏನೋ ಹೇಳಲು ಬಾಯಿ ತೆರೆದರು. ಅಡುಗೆಮನೆಯ ಬಾಗಿಲಲ್ಲಿ ಕಳಕಮ್ಮ ನಿಂತಿದ್ದರಿಂದ ಮುಚ್ಚಿದರು.

ಹಬ್ಬ ಮುಗಿದ ಮೇಲೆ ಶರಣಬಸಪ್ಪನವರು ಹಳೆಯ ಕ್ಯಾಲೆಂಡರಿನ ಒಂದು ತುಂಡು ಹರಿದು, ಆ ನಾಲ್ಕನೆಯ ಅಂಕಿಯ ಮೇಲೆ ಅಂಟಿಸಿದರು. ಹಿಡಿಕೆ ಬಿಟ್ಟು ನಡೆಯಲು ಕಲಿತರು. ಮೊದಲ ದಿನ ಮಷಿನ್ನಿನಿಂದ ಹಿಂದಕ್ಕೆ ಹೊರಟುಹೋಗಿ ದೇವರ ಕೋಣೆಯ ಹೊಸ್ತಿಲಿನ ಮೇಲೆ ಕೂತರಂತೆ. ಅಂಕಿ ಇಲ್ಲದ್ದರಿಂದ ಹೋಳಿಗೆಯ ಬೇಡಿಕೆ ಇಡಲು ಆಧಾರವಿರಲಿಲ್ಲ. ಕಳಕಮ್ಮ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದರೆ ಸುಮ್ಮನೆ ಉಣ್ಣುತ್ತಿದ್ದರು. ಏರಿದ ಮೂರು ಕಿಲೋದಲ್ಲಿ ಎರಡು ಇಳಿಯಿತು. ಸಕ್ಕರೆಯೂ ಅಷ್ಟಿಷ್ಟು ಹತೋಟಿಗೆ ಬಂತು.

ಮಳೆ ಹೊರಟುಹೋಗಿ, ರಸ್ತೆ ಒಣಗಿ, ಅವರು ಮತ್ತೆ ಸಾಬರೊಂದಿಗೆ ಗುಡ್ಡದ ಕಡೆ ನಡೆಯತೊಡಗಿದರು. ಒಂದು ಮುಂಜಾನೆ ಸಾಬರಿಗೆ ಅಂಗಡಿಗೆ ಮಾಲು ಬರುವುದಿತ್ತು. ಶರಣಬಸಪ್ಪನವರು ಅರ್ಧ ದಾರಿಯಿಂದಲೇ ಹಿಂದಿರುಗಿದರು. ಪಡಸಾಲೆಯಲ್ಲಿ ಮಷಿನ್ನಿನ ಸದ್ದು ಕೇಳುತ್ತಿತ್ತು. ಒಳಗೆ ಹೋಗಿ ನೋಡಿದರೆ ಕಳಕಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಕ್ಯಾಲೆಂಡರಿನ ತುಂಡಿನ ಒಂದು ಮೂಲೆಯನ್ನು ಬಿಡಿಸಿ ಮೇಲಕ್ಕೆ ಮಡಚಿದ್ದರು.

ಗಂಡನನ್ನು ಕಂಡು ಅವರು ನಿಲ್ಲಲಿಲ್ಲ. “ಸುಳ್ಳಂತ ನನಗೂ ಗೊತ್ತೈತ್ರಿ,” ಎಂದರು. “ಆದ್ರ ಏರೂದ ನೋಡಾಕ ಛಲೋ ಅನಸತೈತಿ.”

ಶರಣಬಸಪ್ಪನವರು ಬಾಗಿಲಲ್ಲಿ ನಿಂತರು. ಇಪ್ಪತ್ತೈದು ವರ್ಷ ಒಂದು ತಪ್ಪು ತೂಕವನ್ನೂ ಕಂಡು ಸುಮ್ಮನೆ ಹೋದವರಲ್ಲ. ಚಪ್ಪಲಿ ಬಿಚ್ಚಿ, ಒಳಗೆ ಬಂದು, ಹೆಗಲ ಮೇಲಿನ ಟವೆಲ್ಲನ್ನು ಗೂಟಕ್ಕೆ ಹಾಕಿದರು.

“ಎಷ್ಟಾತು?” ಎಂದು ಕೇಳಿದರು.