ಸತ್ತೆವ್ವನ ಎತ್ತಿದ ಕೈ

ಚಿಕ್ಕೋಡಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಓಣಿಯ ಕೊನೆಯ ಬಾವಿಯಲ್ಲಿ ಗಡಗಡಿ ಕಿರುಗುಟ್ಟುತ್ತಿದೆ. ಸತ್ತೆವ್ವ ಹಗ್ಗ ಜಗ್ಗಿ ಕೊಡ ತುಂಬಿಸಿ ತಲೆಯ ಮೇಲಿನ ಸಿಂಬಿಗೆ ಏರಿಸುತ್ತಾಳೆ. ಎಡಗೈ ಬಲ ಹಾಕುತ್ತದೆ, ಬಲಗೈ ಆಸರೆಯಾಗಿ ಮೇಲೇರುತ್ತದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳ ಒಲೆ ಹೊತ್ತುವ ಮೊದಲು ನೀರು ಅಲ್ಲಿರಬೇಕು. ಗಂಡ ತೀರಿಕೊಂಡಾಗಿನಿಂದ ಇದೇ ಆಕೆಯ ಅನ್ನ.

ಆ ಬಲಗೈ ಏಳುವುದೇ ಒಂದು ಸೋಜಿಗ. ತೊಂಬತ್ತರ ಮಳೆಗಾಲದಲ್ಲಿ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದಳು. ಮೊದಲೇ ನೋಯುತ್ತಿದ್ದ ಭುಜ. ಅಂದಿನಿಂದ ಕೈ ಸೊಂಟದಿಂದ ಮೇಲೆ ಬರಲಿಲ್ಲ. ಎಣ್ಣೆ ತಿಕ್ಕಿಸಿದಳು, ಪಟ್ಟಿ ಕಟ್ಟಿಸಿದಳು. ವರ್ಷ ಕಳೆಯಿತು. ಅಂಗಡಿಯವರು ಬೇರೆಯವರಿಂದ ನೀರು ತರಿಸತೊಡಗಿದರು.

ಕೊನೆಗೆ ಕಾಗವಾಡ ದಾಟಿ ಮಹಾರಾಷ್ಟ್ರದ ಮಿರಜದ ಆಸ್ಪತ್ರೆಗೆ ಹೋದಳು. ಅಲ್ಲಿನ ಎಲುಬಿನ ಡಾಕ್ಟರು ನೇಮಿನಾಥ, ಈ ಕಡೆಯ ಐನಾಪುರದವರು. ಆಕೆಯ ಮಾತಿನಲ್ಲೇ ತಿಳಿಹೇಳಿದರು: "ಭುಜಾ ಎತ್ತೂ ಸ್ನಾಯುದ ತುದಿ ಹರದು ಒಳಗ ಸರದೈತಿ ಅವ್ವಾ. ಈಗ ಜಗ್ಗಿ ಹೊಲದ್ರೂ ಎಲುಬಿಗೆ ಮುಟ್ಟೂದಿಲ್ಲ."

ಒಳಗಿನ ಹರಕು ತೆಗೆದು ಸ್ವಚ್ಛ ಮಾಡಿದರೆ ನೋವು ತಗ್ಗೀತು, ಬಲ ಬಾರದು. ಕೀಲನ್ನೇ ಬೆಸೆದುಬಿಟ್ಟರೆ ನೋವು ಹೋಗುತ್ತದೆ, ಭುಜ ಮಾತ್ರ ಮತ್ತೆ ತಿರುಗದು. ಇನ್ನೊಂದು ಹೊಸ ದಾರಿಯಿತ್ತು: ಬೆನ್ನಿನ ಅಗಲ ಸ್ನಾಯುವಿನ ತುದಿ ಬಿಡಿಸಿ, ಕಂಕುಳ ಹಿಂದಿನಿಂದ ತಂದು ಭುಜದ ಎಲುಬಿನ ನೆತ್ತಿಗೆ ಹೊಲಿಯುವುದು. ಅದಕ್ಕೆ ಖಾತ್ರಿ ಕೊಡಲಾರೆ ಎಂದರು.

"ಬೆನ್ನ ಗಟ್ಟಿ ಐತ್ರಿ ನಂದು. ತಗೋರಿ," ಎಂದಳು ಸತ್ತೆವ್ವ.

ಆಪರೇಶನ್ ಆದ ಮೇಲೆ ಆರು ವಾರ ಕೈಯನ್ನು ಪಕ್ಕಕ್ಕೆತ್ತಿ ಪ್ಲಾಸ್ಟರಿನಲ್ಲಿ ಕಟ್ಟಿಟ್ಟರು. ಬಿಚ್ಚಿದಾಗ ಕೈ ಜೋತುಬಿತ್ತು. ಎಷ್ಟು ಎತ್ತಹೋದರೂ ಏಳದು. ವ್ಯಾಯಾಮ ಮಾಡಿಸುವ ದಿಲಶಾದಬಿ ಒಂದು ಬೆಳಿಗ್ಗೆ ಕೇಳಿದರು:

"ಊರಾಗ ಏನ ಕೆಲಸಾ ಮಾಡ್ತಿದ್ರಿ?"

"ನೀರ ಸೇದತಿದ್ನಿರಿ."

"ಹಂಗಾದ್ರ ಎತ್ತಬ್ಯಾಡ್ರಿ. ಬೆನ್ನಿನ ಸ್ನಾಯುಕ್ಕ ಜಗ್ಗೂದಷ್ಟ ಗೊತ್ತೈತಿ. ಹಗ್ಗಾ ಜಗ್ಗಾಕತ್ತೀನಿ ಅನ್ಕೋರಿ."

ಸತ್ತೆವ್ವ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೆಳಕ್ಕೆ ಜಗ್ಗಿದಳು. ಕೈ ಮೇಲೆದ್ದಿತು.

"ನಾ ಕೆಳಗ ಜಗ್ಗೀನಿ, ಅದು ಮ್ಯಾಲ ಬಂದೈತಿ. ಯಾರದೋ ಕೈ ನೋಡಿದಂಗ ನೋಡಕೋತ ಕುಂತ್ನಿರಿ," ಎನ್ನುತ್ತಾಳೆ ಆಕೆ. ಹಗಲೂ ಇರುಳೂ ಜಗ್ಗಿ ಜಗ್ಗಿ, ಈಗ ಹಗ್ಗವನ್ನು ನೆನೆಯದೆಯೂ ಏಳುತ್ತದೆ.

ಡಾಕ್ಟರು ಕರೆಸಿದರೆ ಇಂದಿಗೂ ಮಿರಜಕ್ಕೆ ಹೋಗುತ್ತಾಳೆ. ಹೋದ ತಿಂಗಳು ಅಲ್ಲಿ ಮುಗಳಖೋಡದ ಗೋಡೆ ಕಟ್ಟುವ ಗೌಂಡಿ ಮಲಕಾರಿ ಅಂಥದೇ ಭುಜ ಹಿಡಿದುಕೊಂಡು, ಆಪರೇಶನ್ ಒಲ್ಲೆ ಎಂದು ಕೂತಿದ್ದ. ಸತ್ತೆವ್ವ ಅವನೆದುರು ಬಲಗೈಯಿಂದಲೇ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಅವನು ನೋಡುತ್ತಲೇ ಇದ್ದ.

"ಡಾಕ್ಟರ ಬರೇ ಹೊಲದು ಕೊಡ್ತಾರ ತಮ್ಮಾ," ಎಂದಳು. "ಬೆನ್ನಿಗೆ ಭುಜದ ಕೆಲಸಾ ನಾವ ಕಲಿಸಬೇಕು. ಕಲೀತೈತಿ."